ಶಾಲೆಯ ಡೈರಿ ಖಾಲಿ ಇದೆ: ಮುಖ್ಯೋಪಾಧ್ಯಾಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರಿಗೆ ಮತ್ತು ಆಡಳಿತ ಮಂಡಳಿಯ ಹಿರಿಯರಿಗೆ,

ನಮಸ್ಕಾರ.

ಈ ಪತ್ರವನ್ನು ಮೊದಲು ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿಗೇ ಹಾಕೋಣ ಅಂದುಕೊಂಡಿದ್ದೆ. ಆದರೆ ಅಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು. ನಾವು ಪೋಷಕರು ಓದಬಹುದು, ಬೇಕಾದರೆ ಹೆಬ್ಬೆರಳು ಎತ್ತಬಹುದು, ಅಷ್ಟೇ. ಅದಕ್ಕೇ ಹೀಗೆ ಎಲ್ಲರ ಎದುರು ಬರೆಯುತ್ತಿದ್ದೇನೆ. ಶಾಲೆಯ ಹೆಸರು ಎಲ್ಲೂ ಹಾಕಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತದೆ. ಬೇರೆ ಶಾಲೆಯವರು ಓದಿ, 'ಅರೆ, ಇದು ನಮ್ಮದೇ ಕಥೆ' ಅಂದುಕೊಂಡರೆ ಅದೂ ಸರಿಯೇ.

ನಾನು ಏಳನೇ ತರಗತಿ ಬಿ ಸೆಕ್ಷನ್ನಿನ ಒಬ್ಬ ಹುಡುಗಿಯ ತಾಯಿ. ನಿಮ್ಮ ಗೇಟಿನ ಎದುರು ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಹನ್ನೊಂದು ವರ್ಷದಿಂದ ನಿಮ್ಮ ಮಕ್ಕಳಿಗೆ ಪೆನ್ನು, ಚಾರ್ಟು, ಗ್ರಾಫ್ ಶೀಟು ಮಾರಿದವಳು. ಮನೆಯಲ್ಲಿ ಕಾಣದ ಒಂದಷ್ಟು ಸಂಗತಿ ಈ ಗಲ್ಲಾದ ಹಿಂದೆ ಕೂತವರಿಗೆ ಕಾಣುತ್ತದೆ. ಅದನ್ನೇ ಹೇಳಬೇಕಾಗಿದೆ.

ಕಳೆದ ತಿಂಗಳು ಒಂದು ಶನಿವಾರ ಪೋಷಕರ ಸಭೆ ಕರೆದಿರಿ. ಹೊರಗಿನಿಂದ ಬಂದವರೊಬ್ಬರು ಒಂದು ಗಂಟೆ ಮಾತಾಡಿದರು. ಮೊಬೈಲಿನಿಂದ ಕಣ್ಣು ಹಾಳು, ನಿದ್ದೆ ಹಾಳು, ಓದು ಹಾಳು ಎಂದರು. ತಪ್ಪೇನೂ ಹೇಳಲಿಲ್ಲ. ಕೊನೆಗೆ ಎಲ್ಲರ ಕೈಗೂ ಒಂದು ಪ್ರತಿಜ್ಞಾ ಪತ್ರ ಬಂತು. 'ನನ್ನ ಮಗುವಿನ ಕೈಗೆ ಮೊಬೈಲ್ ಕೊಡುವುದಿಲ್ಲ' ಎಂದು ಅದರಲ್ಲಿ ಬರೆದಿತ್ತು. ಹಿಂದಿನ ದಿನ ಅದರ ಜೆರಾಕ್ಸ್ ತೆಗೆದುಕೊಟ್ಟವಳೂ ನಾನೇ. ಸಹಿ ಹಾಕಿ ಮನೆಗೆ ಬಂದೆ. ರಾತ್ರಿ ಒಂಬತ್ತು ಇಪ್ಪತ್ತಕ್ಕೆ ಗ್ರೂಪಿನಲ್ಲಿ ಟಿಂಗ್ ಅಂತು. ಸೋಮವಾರಕ್ಕೆ ವಿಜ್ಞಾನದ ಪ್ರಾಜೆಕ್ಟ್, ಕಲರ್ ಪ್ರಿಂಟ್ ಕಡ್ಡಾಯ, ಮಾದರಿಗೆ ಕೆಳಗಿನ ಯೂಟ್ಯೂಬ್ ಲಿಂಕ್ ನೋಡಿ.

ಮಗಳು ನನ್ನ ಮುಖ ನೋಡಿದಳು. ಫೋನ್ ಕೊಡದೆ ಏನು ಮಾಡಲಿ, ಹೇಳಿ?

ನನ್ನ ದೂರು ಇಷ್ಟೇ. ಮಕ್ಕಳ ಕೈಗೆ ಫೋನ್ ಕೊಡುತ್ತಿರುವುದರಲ್ಲಿ ಶಾಲೆಯ ಪಾಲೂ ಇದೆ. ಕೊಡುವುದು ಒಂದು, ಆಮೇಲೆ ಬೈಯುವುದು ಇನ್ನೊಂದು. ನಡುವೆ ಕಲಿಸುವುದು ಅಂತ ಒಂದು ಕೆಲಸ ಇದೆಯಲ್ಲ, ಅದನ್ನು ಯಾರೂ ಮಾಡುತ್ತಿಲ್ಲ. ನಾನೂ ಮಾಡಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದು ಶುರುವಾದದ್ದು 2020ರಲ್ಲಿ ಅನ್ನುವುದು ನಿಮಗೂ ನೆನಪಿರುತ್ತದೆ. ಆಗ ನನ್ನ ಮಗಳು ಎರಡನೇ ಕ್ಲಾಸು. ಸಣ್ಣ ತರಗತಿಯ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಎಂದು ಆ ಜೂನ್‌ನಲ್ಲಿ ಸರ್ಕಾರವೇ ಹೇಳಿತ್ತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಸರ್ಕಾರಿ ಶಾಲೆಯ ಮೇಷ್ಟ್ರುಗಳು ವಿದ್ಯಾಗಮ ಅಂತ ಊರೂರಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ನಮ್ಮಂಥ ಖಾಸಗಿ ಶಾಲೆಯ ಪೋಷಕರು ಸಾಲ ಮಾಡಿ ಫೋನ್ ತಂದೆವು. ಅವತ್ತು ಬೇರೆ ದಾರಿ ಇರಲಿಲ್ಲ. ಆದರೆ ಶಾಲೆ ತೆರೆದ ಮೇಲೆ ಬೆಂಚು ಬಂತು, ಬೋರ್ಡು ಬಂತು, ಬೆಲ್ಲೂ ಬಂತು. ಗ್ರೂಪ್ ಮಾತ್ರ ಹಾಗೇ ಉಳಿಯಿತು. ಯಾಕೆ ಉಳಿಸಿಕೊಂಡೆವು ಅಂತ ಒಮ್ಮೆಯೂ ಯಾರೂ ಕೂತು ಮಾತಾಡಲಿಲ್ಲ.

ಈಗ ನನ್ನ ಅಂಗಡಿಗೆ ಬನ್ನಿ. ರಾತ್ರಿ ಒಂಬತ್ತೂವರೆಗೆ ಶಟರ್ ಅರ್ಧ ಇಳಿಸಿರುತ್ತೇನೆ. ಒಬ್ಬರು ಬಗ್ಗಿ ಒಳಗೆ ಬರುತ್ತಾರೆ. ಆಟೊ ಓಡಿಸುವವರು, ಖಾಕಿ ಅಂಗಿ ಇನ್ನೂ ಮೈಮೇಲೇ ಇದೆ. ಹಿಂದೆ ಆರನೇ ಕ್ಲಾಸಿನ ಮಗ, ಕಣ್ಣಲ್ಲಿ ನಿದ್ದೆ. 'ಅಕ್ಕಾ, ಇದೇನೋ ಪಿಡಿಎಫ್ ಅಂತೆ, ಬೇಗ ತೆಗೆದುಕೊಟ್ಟುಬಿಡಿ.' ಆ ಮನೆಗೆ ಇರುವುದು ಒಂದೇ ಫೋನ್. ಬೆಳಗ್ಗೆ ಆರಕ್ಕೆ ಅಪ್ಪನ ಜತೆ ಹೊರಟರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಅಂದರೆ ಆ ಹುಡುಗನ ಹೋಮ್‌ವರ್ಕ್ ಶುರುವಾಗುವುದೇ ಒಂಬತ್ತಕ್ಕೆ. ಪಿಡಿಎಫ್ ಅಂಗಡಿಯ ನಂಬರಿಗೆ ಬರುತ್ತದೆ. ಪ್ರಿಂಟರ್ ಬಿಸಿಯಾಗಲು ಒಂದು ನಿಮಿಷ ಹಿಡಿಯುತ್ತದೆ. ಆ ಒಂದು ನಿಮಿಷದಲ್ಲಿ ಹುಡುಗ ಅಪ್ಪನ ಕೈಯಿಂದ ಫೋನ್ ತೆಗೆದುಕೊಂಡು ರೀಲ್ಸ್ ನೋಡಲು ಶುರು ಮಾಡಿರುತ್ತಾನೆ. ಒಂದು ಕಲರ್ ಪ್ರಿಂಟಿಗೆ ಹತ್ತು ರೂಪಾಯಿ. ಆರು ಪುಟ. ಆ ಅರವತ್ತು ರೂಪಾಯಿ ತೆಗೆದುಕೊಳ್ಳುವಾಗ ನನಗೆ ಕೈ ಮುಂದೆ ಬರುವುದಿಲ್ಲ, ಆದರೂ ತೆಗೆದುಕೊಳ್ಳುತ್ತೇನೆ. ಕರೆಂಟು ಬಿಲ್ಲು ನನಗೂ ಇದೆ.

ನಿಮ್ಮ ಗ್ರೂಪಿನಿಂದ ನನ್ನ ವ್ಯಾಪಾರ ಜಾಸ್ತಿಯಾಗಿದೆ. ಅದನ್ನು ನಿಲ್ಲಿಸಿ ಅಂತ ಕೇಳುತ್ತಿರುವವಳೂ ನಾನೇ. ಇದನ್ನು ಸ್ವಲ್ಪ ಗಮನಿಸಿ.

ಮಕ್ಕಳು ನನಗೆ ನೇರವಾಗಿ ಮೆಸೇಜ್ ಹಾಕುತ್ತಾರೆ. ಹೋದ ವಾರದ್ದು ಮೂರು ಹೇಳುತ್ತೇನೆ. ರಾತ್ರಿ 10:42, 'ಆಂಟಿ ಚಾರ್ಟ್ ಇದ್ಯಾ'. ರಾತ್ರಿ 11:50, 'ಆಂಟಿ ಬೆಳಗ್ಗೆ ಎಷ್ಟೊತ್ತಿಗೆ ತೆಗಿತೀರ'. ಬೆಳಗಿನ ಜಾವ 5:15, ಬರೀ ಒಂದು ಪಿಡಿಎಫ್, ಕೆಳಗೆ ಕೈಮುಗಿದ ಚಿತ್ರ. ಮೂವರೂ ಆರು, ಏಳನೇ ಕ್ಲಾಸಿನವರು. ಮಗು ತಾನೇ ವಾಟ್ಸ್ಆ್ಯಪ್ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು, ಇನ್‌ಸ್ಟಾಗ್ರಾಮಿಗೂ ಅಷ್ಟೇ. ಈ ಮಕ್ಕಳಿಗೆ ಹನ್ನೊಂದು, ಹನ್ನೆರಡು. ವಯಸ್ಸು ಮುಚ್ಚಿಟ್ಟು ಒಳಗೆ ಹೋಗಿದ್ದಾರೆ. 'ಸ್ಕೂಲ್ ಗ್ರೂಪಿಗೆ ಬೇಕು' ಅಂತ ಹೇಳಿಸಿಕೊಂಡು ತಾವೇ ಖಾತೆ ತೆರೆದುಕೊಟ್ಟ ಅಪ್ಪಂದಿರೂ ನನಗೆ ಗೊತ್ತು.

ಇನ್ನೊಂದು ಸಂಗತಿ. ಕನ್ನಡ ಮಿಸ್ 'ನನ್ನ ಅಜ್ಜಿ' ಅಂತ ಪ್ರಬಂಧ ಕೊಟ್ಟಿದ್ದರು. ಒಳ್ಳೆಯ ವಿಷಯ, ಮನೆಯಲ್ಲಿ ಅಜ್ಜಿಯ ಪಕ್ಕ ಕೂತು ಬರೆಯಬಹುದಾದದ್ದು. ಒಂದೇ ಸಂಜೆ ಮೂರು ಮಕ್ಕಳು ಪ್ರಿಂಟ್ ತೆಗೆಸಲು ಬಂದರು. ಮೂವರ ಅಜ್ಜಿಯೂ ಮುಂಜಾನೆ ಬೇಗ ಎದ್ದು ತುಳಸಿಗೆ ನೀರು ಹಾಕುತ್ತಾರೆ, ಮೂವರ ಅಜ್ಜಿಯೂ 'ಪ್ರೀತಿಯ ಸಾಗರ'. ಮೂರು ಮನೆಗೆ ಒಬ್ಬಳೇ ಅಜ್ಜಿ! ಒಬ್ಬ ಹುಡುಗನ ಹಾಳೆಯಲ್ಲಂತೂ ಮೇಲ್ಗಡೆ 'ಖಂಡಿತ, ಏಳನೇ ತರಗತಿಗೆ ಸೂಕ್ತವಾದ ಪ್ರಬಂಧ ಇಲ್ಲಿದೆ' ಅಂತ ಇತ್ತು. ಎರಡನೇ ಸಾಲಿನಲ್ಲಿ 'ನನ್ನ ಅಜ್ಜಿಯ ಹೆಸರು, ಇಲ್ಲಿ ಹೆಸರು ಬರೆಯಿರಿ'. ನಾನು ತೋರಿಸಿದೆ. ಅವನು ನಕ್ಕು ಪೆನ್ನು ಕೇಳಿ ಹೆಸರು ತುಂಬಿದ. ಮೇಲಿನ ಸಾಲು ಹಾಗೇ ಬಿಟ್ಟ. ಎರಡು ದಿನ ಬಿಟ್ಟು ಅದೇ ಹಾಳೆಯನ್ನು ಜೆರಾಕ್ಸಿಗೆ ತಂದಿದ್ದ, ಮೇಲೆ ಕೆಂಪು ಶಾಯಿಯಲ್ಲಿ 'ಗುಡ್' ಅಂತ ಬಿದ್ದಿತ್ತು.

ಮಿಸ್ ಮೇಲೆ ನನಗೆ ಸಿಟ್ಟಿಲ್ಲ. ಐವತ್ತು ಮಕ್ಕಳ ಹಾಳೆ ತಿದ್ದುವವರ ಕಷ್ಟ ನನಗೆ ಗೊತ್ತು. ಅವರೂ ಅಂಗಡಿಗೆ ಬರುತ್ತಾರೆ. 'ನಮಗೂ ಎಲ್ಲ ಗ್ರೂಪಿನಲ್ಲೇ ಬರತ್ತೆ ರೀ, ಪಾಠ ಮಾಡಿದ ಫೋಟೊ ಹಾಕಿ, ಇವತ್ತೇ ಹಾಕಿ ಅಂತಾರೆ' ಎಂದು ಒಬ್ಬರು ಹೇಳಿಕೊಂಡಿದ್ದರು. ಮಕ್ಕಳಿಗೂ ಈಗ ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ವಾಟ್ಸ್ಆ್ಯಪ್ ಒಳಗೇ ಮೆಟಾ ಎಐ ಅನ್ನುವ ಒಂದು ನೀಲಿ ಉಂಗುರ ಇದೆಯಲ್ಲ, ಅದನ್ನು ಒತ್ತಿ ಕೇಳಿದರೆ ಪ್ರಬಂಧ ರೆಡಿ. ನೀವು ಹೋಮ್‌ವರ್ಕ್ ಕೊಡುವ ಜಾಗದಲ್ಲೇ ಉತ್ತರ ಬರೆದುಕೊಡುವವನನ್ನೂ ಕೂರಿಸಿದ್ದಾರೆ. ಹನ್ನೆರಡು ವರ್ಷದ ಮಗು ಒತ್ತದೆ ಇರುತ್ತದಾ? ಅದನ್ನು ಏನಕ್ಕೆ ಕೇಳಬಹುದು, ಏನಕ್ಕೆ ಕೇಳಬಾರದು, ಅದು ಹೇಳಿದ್ದರಲ್ಲಿ ಎಷ್ಟು ಸುಳ್ಳಿರಬಹುದು ಅಂತ ಒಂದು ಪೀರಿಯಡ್ ಕೂಡ ಯಾರೂ ಹೇಳಿಕೊಟ್ಟಿಲ್ಲ.

ಇನ್ನು ಮುಂದಿನದನ್ನು ಬರೆಯಲು ನನಗೇ ಮುಜುಗರ. ಆದರೂ ಬರೆಯಬೇಕು.

ವಾರ್ಷಿಕೋತ್ಸವದ ಡ್ಯಾನ್ಸಿನ ವಿಡಿಯೊವನ್ನು ಶಾಲೆಯ ಇನ್‌ಸ್ಟಾಗ್ರಾಮ್ ಪುಟಕ್ಕೆ ಹಾಕಿದಿರಿ. ಚೆನ್ನಾಗಿತ್ತು, ನಾನೂ ನೋಡಿದೆ. ಅದರಲ್ಲಿ ಒಬ್ಬ ಹುಡುಗಿ ಹೆಜ್ಜೆ ತಪ್ಪಿ ಒಂದು ಕ್ಷಣ ಬಾಯಿ ತೆರೆದು ನಿಂತಿದ್ದಳು. ಆ ಒಂದು ಕ್ಷಣವನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಸ್ಟಿಕ್ಕರ್ ಮಾಡಿದರು. ಮಕ್ಕಳೇ ಮಾಡಿಕೊಂಡ ಗ್ರೂಪ್ ಒಂದಿದೆ, ನಿಮ್ಮದಲ್ಲ. ಅಲ್ಲಿ ಯಾರು ಏನು ಹೇಳಿದರೂ ಉತ್ತರಕ್ಕೆ ಆ ಮುಖ. ಒಂದು ವಾರ ಹೀಗೆ ನಡೆಯಿತು. ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಕೊನೆಗೆ ವಿಷಯ ಆಫೀಸಿಗೆ ಬಂದಾಗ ನೀವು ಅವಳ ತಾಯಿಯನ್ನು ಕರೆಸಿ ಮೊದಲು ಕೇಳಿದ್ದು, 'ಈ ವಯಸ್ಸಿಗೆ ಫೋನ್ ಯಾಕೆ ಕೊಟ್ಟಿರಿ?'

ಆ ಹುಡುಗಿಯ ಹತ್ತಿರ ಫೋನೇ ಇರಲಿಲ್ಲ. ಆ ಗ್ರೂಪಿನಲ್ಲಿ ಇಲ್ಲದ ಒಂದಿಬ್ಬರಲ್ಲಿ ಅವಳೂ ಒಬ್ಬಳು. ಕ್ಲಾಸಿನಲ್ಲಿ ಎಲ್ಲರೂ ತನ್ನನ್ನು ನೋಡಿ ಯಾಕೆ ನಗುತ್ತಾರೆ ಅಂತ ಮೂರು ದಿನ ಅವಳಿಗೆ ಗೊತ್ತೇ ಆಗಿರಲಿಲ್ಲ.

ಸ್ಟಿಕ್ಕರ್ ಕಳಿಸಿದವರಲ್ಲಿ ನನ್ನ ಮಗಳೂ ಇದ್ದಳು. ನನ್ನ ಫೋನಿನಿಂದಲೇ. ಅಂಗಡಿಯಲ್ಲಿ ಜನ ಇದ್ದಾಗ 'ಹೋಮ್‌ವರ್ಕ್ ನೋಡ್ಕೋತೀನಿ ಅಮ್ಮ' ಅಂದರೆ ನಾನು ಸುಮ್ನೆ ಕೊಟ್ಟುಬಿಡುತ್ತಿದ್ದೆ. ಏನು ನೋಡುತ್ತಾಳೆ ಅಂತ ತಿರುಗಿ ನೋಡುತ್ತಿರಲಿಲ್ಲ. ಅದು ನನ್ನ ತಪ್ಪು. ಯಾಕೆ ಕಳಿಸಿದೆ ಅಂದರೆ, 'ಎಲ್ಲರೂ ಕಳಿಸಿದ್ರಲ್ಲ, ನಗು ಬಂತು' ಅಂದಳು. ಕರೆದುಕೊಂಡು ಆ ಮನೆಗೆ ಹೋದೆ. ಹುಡುಗಿ ರೂಮಿನಿಂದ ಹೊರಗೆ ಬರಲಿಲ್ಲ. ಅವಳ ತಾಯಿ ನಮಗೆ ಕಾಫಿ ಕೊಟ್ಟರು, ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು. ವಾಪಸು ಬರುವಾಗ ಮಗಳು, 'ಅಮ್ಮ, ಅವಳು ಬಾಗಿಲ ಹಿಂದೆ ನಿಂತಿದ್ದಳು, ಕಾಲು ಕಾಣ್ತಿತ್ತು' ಅಂದಳು. ಆಮೇಲೆ ಮನೆಯವರೆಗೂ ಮಾತಿಲ್ಲ.

ನನ್ನ ಮಗಳನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಚಿತ್ರ ಹೊರಗೆ ಬಂದದ್ದು ಎಲ್ಲಿಂದ? ಶಾಲೆಯ ಪುಟದಿಂದ. ಆ ಪುಟದಲ್ಲಿ ಈಗಲೂ ನಮ್ಮ ಮಕ್ಕಳ ಹೆಸರು, ಕ್ಲಾಸು, ಯೂನಿಫಾರ್ಮು, ಮುಖ ಎಲ್ಲ ಇದೆ, ಯಾರು ಬೇಕಾದರೂ ನೋಡಬಹುದು. ಹಾಕುವ ಮೊದಲು ನಮ್ಮನ್ನು ಕೇಳಿದ್ದಿರಾ? 2023ರಲ್ಲಿ ದೇಶಕ್ಕೆ ಒಂದು ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ. ಅದರ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಕಾಯ್ದೆ ಹಿಡಿದುಕೊಂಡು ಜಗಳಕ್ಕೆ ಬಂದಿಲ್ಲ ನಾನು. ಅಡ್ಮಿಷನ್ ಫಾರಂನಲ್ಲಿ ರಕ್ತದ ಗುಂಪು ಕೇಳುತ್ತೀರಿ, ಜಾತಿ ಕೇಳುತ್ತೀರಿ. ಇದೊಂದನ್ನೂ ಕೇಳಬಹುದಲ್ವಾ?

ಆ ಗಲಾಟೆಯ ನಂತರ ಪೋಷಕರಲ್ಲಿ ಒಂದಿಬ್ಬರು, ಆಸ್ಟ್ರೇಲಿಯಾದಲ್ಲಿ ಮಾಡಿದ ಹಾಗೆ ಇಲ್ಲೂ ಮಾಡಬೇಕು ಎಂದರು. ಅಲ್ಲಿ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆ ಇಲ್ಲ ಅನ್ನುವ ಕಾನೂನು 2024ರಲ್ಲಿ ಪಾಸಾಗಿ, 2025ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. 2023ರಲ್ಲಿ ನಮ್ಮ ಹೈಕೋರ್ಟ್ ಕೂಡ, ಶಾಲಾ ಮಕ್ಕಳಿಗೆ ಸೋಷಿಯಲ್ ಮೀಡಿಯಾ ನಿಷೇಧಿಸಿದರೆ ಒಳ್ಳೆಯದು ಅಂತ ವಿಚಾರಣೆ ವೇಳೆ ಬಾಯಿಮಾತಿನಲ್ಲಿ ಹೇಳಿತ್ತು. ಆಗಲಿ. ಅದು ದೊಡ್ಡವರ ಕೆಲಸ. ಕಾನೂನು ಬರುವ ತನಕ ಹೋಮ್‌ವರ್ಕನ್ನು ಯಾವ ದಾರಿಯಲ್ಲಿ ಕಳಿಸಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆಯಲ್ಲ. ಅದಕ್ಕೆ ಯಾವ ಕೋರ್ಟೂ ಬೇಕಿಲ್ಲ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ. ಎಂಟೂವರೆ ತನಕ ಮನೆಮನೆಯಲ್ಲೂ ಟಿವಿ, ಮೊಬೈಲ್ ಬಂದ್. ಮಕ್ಕಳು ಓದುತ್ತಾರೆ, ದೊಡ್ಡವರೂ ಫೋನ್ ಮುಟ್ಟಬಾರದು. ದೊಡ್ಡವರನ್ನೂ ಸೇರಿಸಿಕೊಂಡದ್ದೇ ಅದರ ಗುಟ್ಟು ಅಂತ ನನಗೆ ಅನ್ನಿಸುತ್ತದೆ. ನಮ್ಮೂರಲ್ಲೂ ಹಾಗೆ ಮಾಡೋಣ ಅಂತ ಮನಸ್ಸಾಯಿತು. ಆಮೇಲೆ ನೆನಪಾಯಿತು, ಇಲ್ಲಿ ಸೈರನ್ ಕೂಗಿದರೆ ಮಕ್ಕಳು ಹೋಮ್‌ವರ್ಕ್ ಎಲ್ಲಿ ನೋಡುವುದು?

ಫೋನೇ ಬೇಡ ಅಂತ ನಾನು ಹೇಳುತ್ತಿಲ್ಲ. ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಅಚ್ಚಾಗಿರುತ್ತದೆ. ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲಿ ಪಾಠ ಬರುತ್ತದೆ. ಗ್ರಹಣ ಹೇಗೆ ಆಗುತ್ತದೆ ಅಂತ ನನ್ನ ಮಗಳಿಗೆ ಅರ್ಥವಾದದ್ದು ಒಂದು ವಿಡಿಯೊದಿಂದ, ನಾನು ನಿಂಬೆಹಣ್ಣು ಹಿಡಿದು ತೋರಿಸಿದ್ದರಿಂದಲ್ಲ. ಕಲಿಯುವುದಕ್ಕೆ ಬರುತ್ತದೆ, ಸರಿ. ಆದರೆ ಕೈಗೆ ಸಿಕ್ಕ ಮೇಲೆ ಮಕ್ಕಳು ಅದರಲ್ಲಿ ಏನು ಮಾಡುತ್ತಾರೆ? ಮಕ್ಕಳ ಕಲಿಕೆ ಹೇಗಿದೆ ಅಂತ ನೋಡುವ ಅಸರ್ ಸಮೀಕ್ಷೆ 2024ರಲ್ಲಿ ನಮ್ಮ ದೇಶದ ಹಳ್ಳಿಗಳಲ್ಲಿ 14ರಿಂದ 16 ವರ್ಷದವರನ್ನು ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಲು ಬರುವವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಅವರು ಹೈಸ್ಕೂಲಿನ ವಯಸ್ಸಿನವರು. ನಿಮ್ಮ ಮಕ್ಕಳು ಎರಡು ವರ್ಷದಲ್ಲಿ ಅಲ್ಲಿಗೇ ಹೋಗಿ ನಿಲ್ಲುವವರು. ಕಲಿಸುವುದಾದರೆ ಈಗಲೇ ಕಲಿಸಬೇಕು.

ಆದ್ದರಿಂದ ನನ್ನ ಕೋರಿಕೆಗಳು. ಮೊದಲನೆಯದು, ಹೋಮ್‌ವರ್ಕ್ ಕೊನೆಯ ಬೆಲ್ ಹೊಡೆಯುವ ಮೊದಲು ಬೋರ್ಡಿನ ಮೇಲೆ ಬರಲಿ, ಅಲ್ಲಿಂದ ಡೈರಿಗೆ ಇಳಿಯಲಿ. ಐದು ನಿಮಿಷದ ಕೆಲಸ. ಗ್ರೂಪ್ ಇರಲಿ, ರಜೆ, ಫೀಸು, ಬಸ್ಸು ತಡ ಇಂಥದ್ದಕ್ಕೆ. ಅದೂ ಸಂಜೆ ಆರರ ಒಳಗೆ. ಪ್ರಾಜೆಕ್ಟಿಗೆ ಕಲರ್ ಪ್ರಿಂಟ್ ಬೇಡ, ಕೈಯಲ್ಲಿ ಬರೆದ ಚಿತ್ರ ಸೊಟ್ಟಗಿದ್ದರೂ ತೆಗೆದುಕೊಳ್ಳಿ. ಮಕ್ಕಳ ಫೋಟೊ, ವಿಡಿಯೊ ಹೊರಗೆ ಹಾಕುವ ಮುಂಚೆ ನಮ್ಮನ್ನು ಕೇಳಿ. ಆ ಡ್ಯಾನ್ಸಿನ ವಿಡಿಯೊ ಇನ್ನೂ ಹಾಗೇ ಇದೆ. ಅದನ್ನು ಇವತ್ತೇ ತೆಗೆಯಿರಿ, ದಯವಿಟ್ಟು.

ಕಂಪ್ಯೂಟರ್ ಲ್ಯಾಬಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಫೀಸಿನಲ್ಲಿ ಲ್ಯಾಬಿನ ದುಡ್ಡು ಕಟ್ಟುತ್ತೇವೆ. ಹೋದ ಸಲ ಬಂದಾಗ ನೋಡಿದೆ, ಮಾನಿಟರ್‌ಗಳ ಮೇಲೆ ಹೂವಿನ ಬಟ್ಟೆ ಹೊದಿಸಿ ಬೀಗ ಹಾಕಿದ್ದರು. ಪರೀಕ್ಷೆಗೆ ಕೀಬೋರ್ಡಿನ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಾರೆ ನಮ್ಮ ಮಕ್ಕಳು! ವಾರಕ್ಕೆ ಒಂದು ಪೀರಿಯಡ್ ಆ ಬಟ್ಟೆ ತೆಗೆಯಿರಿ. ಪಾಸ್‌ವರ್ಡ್ ಅಂದರೆ ಏನು, ಓಟಿಪಿ ಯಾರಿಗೂ ಯಾಕೆ ಹೇಳಬಾರದು, ಇನ್ನೊಬ್ಬರ ಫೋಟೊ ತೆಗೆಯುವ ಮುಂಚೆ ಕೇಳುವುದು ಹೇಗೆ, ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸದೆ ಇರುವುದು ಹೇಗೆ, ಗೇಮಿನಲ್ಲಿ ಗೊತ್ತಿಲ್ಲದವರು 'ನಿನ್ನ ಊರು ಯಾವುದು' ಅಂದರೆ ಏನು ಹೇಳಬೇಕು. ಇವೆಲ್ಲ ಅಲ್ಲಿ ಆಗಲಿ, ಮೇಷ್ಟ್ರ ಎದುರಿಗೆ, ದೊಡ್ಡ ಪರದೆಯ ಮೇಲೆ. ಆ ನೀಲಿ ಉಂಗುರಕ್ಕೆ 'ನನ್ನ ಅಜ್ಜಿ' ಬರೆಸಿ ಎಲ್ಲರ ಮುಂದೆ ಓದಿಸಿ. ಅದರಲ್ಲಿ ನಿಮ್ಮ ಅಜ್ಜಿ ಎಲ್ಲಿದ್ದಾರೆ ಹುಡುಕಿ ಅಂತ ಕೇಳಿ. ಮಕ್ಕಳು ನಗುತ್ತಾರೆ, ಗೊತ್ತೂ ಆಗುತ್ತದೆ.

ಏನಾದರೂ ಆದಾಗ ಮಗು ಬಂದು ಹೇಳಿಕೊಳ್ಳಲು ಒಬ್ಬ ಟೀಚರ್ ಇರಲಿ. ಬೈಯದವರು. ನೋಟಿಸ್ ಬೋರ್ಡಿನಲ್ಲಿ ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930 ಅಂತ ದೊಡ್ಡದಾಗಿ ಬರೆಸಿ. ಬೋರ್ಡಿಗೆ ಫ್ಲೆಕ್ಸ್ ಬೇಕಿದ್ದರೆ ನಾನೇ ದುಡ್ಡಿಲ್ಲದೆ ಮಾಡಿಸಿಕೊಡುತ್ತೇನೆ. ಫೋನ್ ಬಿಡಲಾಗದ ಸ್ಥಿತಿಗೆ ಹೋದ ಮಕ್ಕಳೂ ಇದ್ದಾರೆ. ಅಂಥವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಅಂತ ಒಂದು ಕ್ಲಿನಿಕ್ಕೇ ಇದೆ. ಪೋಷಕರಿಗೆ ಅದನ್ನು ತಿಳಿಸಿ. ಪ್ರತಿಜ್ಞಾ ಪತ್ರಕ್ಕಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ನಮ್ಮ ಕಡೆಯಿಂದ ಏನು ಅಂತ ಕೇಳಬಹುದು, ಕೇಳಲೇಬೇಕು. ನಮ್ಮ ಮನೆಯಲ್ಲಿ ಈಗ ರಾತ್ರಿ ಎಂಟರ ಮೇಲೆ ಫೋನ್ ಅಡುಗೆಮನೆಯ ಸಜ್ಜಾದ ಮೇಲೆ ಇರುತ್ತದೆ. ನನ್ನದೂ, ಮನೆಯವರದ್ದೂ. ಮೊದಲ ವಾರ ಮಗಳಿಗಿಂತ ನನಗೇ ಕಷ್ಟವಾಯಿತು. ಅಂಗಡಿಯಲ್ಲೂ ಒಂದು ಚೀಟಿ ಅಂಟಿಸಿದ್ದೇನೆ, ರಾತ್ರಿ ಎಂಟರ ಮೇಲೆ ಮಕ್ಕಳ ಮೆಸೇಜಿಗೆ ಉತ್ತರ ಇಲ್ಲ ಅಂತ. ಗ್ರೂಪಿನಲ್ಲಿ ಒಂಬತ್ತು ಇಪ್ಪತ್ತಕ್ಕೆ ಬಂದದ್ದನ್ನು ನಾನು ಬೆಳಗ್ಗೆ ನೋಡುತ್ತೇನೆ. ಹಾಗಾಗಿ ಈ ತಿಂಗಳು ಮಗಳು ಎರಡು ಸಲ ಹೋಮ್‌ವರ್ಕ್ ಮಾಡದೆ ಬಂದು ಕ್ಲಾಸಿನ ಹೊರಗೆ ನಿಂತಳು. ಅಂಗಡಿಯಿಂದ ಆ ಕಾರಿಡಾರ್ ಕಾಣುತ್ತದೆ.

ಜೂನ್‌ನಲ್ಲಿ ಪ್ರತಿ ಮಗುವಿಗೂ ಶಾಲೆಯ ಹೆಸರು ಅಚ್ಚಾದ ಡೈರಿ ಕೊಟ್ಟಿದ್ದೀರಿ, ನೂರಿಪ್ಪತ್ತು ರೂಪಾಯಿ. ಮಗಳದ್ದನ್ನು ನಿನ್ನೆ ತೆಗೆದು ನೋಡಿದೆ. ಮೊದಲ ಪುಟದಲ್ಲಿ ಪ್ರಾರ್ಥನೆ, ಎರಡನೆಯದರಲ್ಲಿ ನಿಯಮಗಳು, ಅದರಲ್ಲಿ ಐದನೆಯದು 'ಮೊಬೈಲ್ ತರಬಾರದು'. ಆಮೇಲೆ ದಿನಕ್ಕೊಂದು ಪುಟ, ಒಂದರಲ್ಲೂ ಒಂದಕ್ಷರ ಇಲ್ಲ. ಮುಂದಿನ ಪೋಷಕರ ಸಭೆಯಲ್ಲಿ ನನಗೆ ಐದು ನಿಮಿಷ ಮಾತಾಡಲು ಅವಕಾಶ ಕೊಡಿ. ಆ ಡೈರಿಯನ್ನು ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಏಳನೇ ತರಗತಿ ಬಿ ಸೆಕ್ಷನ್ನಿನ ಒಬ್ಬ ತಾಯಿ,
ಎದುರು ರಸ್ತೆಯ ಜೆರಾಕ್ಸ್ ಅಂಗಡಿ